ಬೋರಲು ಬಿಂದಿಗೆ ಮತ್ತು ಮೈನಸ್ ಐದು

ಇಂದು ಬೆಳಿಗ್ಗೆ ಮೊಮ್ಮಗ ಗಣಿತದ ಪುಸ್ತಕ ಹಿಡಿದು ಜಗಳಕ್ಕೇ ಬಂದ. "ನಿರಪೇಕ್ಷ ಮೌಲ್ಯ ಅಂದ್ರೆ ಚಿಹ್ನೆ ಬಿಟ್ಟು ಉಳಿಯೋ ಬೆಲೆ, ಅದು ಯಾವತ್ತೂ ಮೈನಸ್ ಆಗಲ್ಲ ಅಂತೀಯ ತಾತ. ಇಲ್ನೋಡಿದ್ರೆ, ಎಕ್ಸ್ ಋಣ ಸಂಖ್ಯೆಯಾದ್ರೆ ಉತ್ತರ ಮೈನಸ್ ಎಕ್ಸ್ ಅಂತ ಐತೆ. ಯಾವ್ದು ಸುಳ್ಳು?"

ನಾಳೆ ಅವನಿಗೆ ಪರೀಕ್ಷೆ. ವಿವರಿಸಿ ವಿವರಿಸಿ ಗಂಟಲು ಒಣಗಿ, ಬೇಸತ್ತು ಹಿತ್ತಲಿನತ್ತ ನೋಡಿದೆ. ತೊಳೆದ ಬಿಂದಿಗೆಯೊಂದು ಬೋರಲಾಗಿತ್ತು.

ಮಧುಗಿರಿಯ ಹಳೆಯ ಮನೆಯಲ್ಲಿ, ಹುಣಸೆಹಣ್ಣಿನಿಂದ ಉಜ್ಜಿದ ಹಿತ್ತಾಳೆ ಬಿಂದಿಗೆಗಳನ್ನು ಅವ್ವ ಹಾಗೆಯೇ ಬಿಸಿಲಿಗೆ ಇಡುತ್ತಿದ್ದಳು. ನಲ್ಲಿಯಲ್ಲಿ ನೀರು ಬಂದೊಡನೆ "ಬಿಂದಿಗೆ ಮಗುಚ್ರೋ" ಎಂದು ಕೂಗುತ್ತಿದ್ದಳು. ಒಮ್ಮೆ ಅಣ್ಣ, ಆಗಲೇ ತುಂಬಿಟ್ಟಿದ್ದ ಬಿಂದಿಗೆಯನ್ನೂ ಮಗುಚಿಬಿಟ್ಟ. ಅಂಗಳವೆಲ್ಲ ನೀರು. ಅವ್ವ ಹಣೆ ಚಚ್ಚಿಕೊಂಡಳು: "ಲೇ, ಬೋರಲಿರೋದನ್ನ ಮಗುಚಿದ್ರೆ ನೆಟ್ಟಗಾಯ್ತದೆ. ನೆಟ್ಟಗಿರೋದನ್ನ ಯಾಕ್ಲಾ ಮುಟ್ದೆ?"

ಮೊಮ್ಮಗನಿಗೆ ಹೇಳಿದೆ: "ಎಕ್ಸ್ ಮುಂದಿನ ಮೈನಸ್ಸು 'ಮಗುಚು' ಎಂಬ ಆಜ್ಞೆ, ಅಷ್ಟೇ. ಮೈನಸ್ ಐದು ಬೋರಲಾಗಿರುವ ಬಿಂದಿಗೆ. ಅದನ್ನು ಮಗುಚಿದರೆ ಐದು."

ಅವನ ಮುಖ ಅರಳಿತು. ಸರಸರನೆ ಬರೆದು ತೋರಿಸಿದ. "ಗೊತ್ತಾಯ್ತು ಬುಡು ತಾತ! ಮೈನಸ್ ಐದನ್ನ ಮಗುಚ್ದೆ, ಐದು ಬಂತು. ಮೂರನ್ನೂ ಮಗುಚ್ದೆ, ಮೈನಸ್ ಮೂರು ಬಂತು."

ಜೀವಮಾನವಿಡೀ ಶುದ್ಧ ಕನ್ನಡ ಕಲಿಸಿದ ನಾನು ಹಣೆ ಚಚ್ಚಿಕೊಂಡು ಕೂಗಿದೆ: "ಲೇ, ನೆಟ್ಟಗಿರೋದನ್ನ ಯಾಕ್ಲಾ ಮುಟ್ದೆ?"