ತಳ್ಳಿದವರಿಗೆ ಸೀಟು

ಕುಣಿಗಲ್ ಬಸ್ ಸ್ಟ್ಯಾಂಡಿನ ಪಕ್ಕದ ಹುಣಸೆಮರದಡಿ ಕದರಯ್ಯನ ಮೆಟಡೋರ್ ಬಂದು ನಿಂತಿದೆ ಎಂದು ತಿಳಿಯಲು ಯಾರೂ ಕಣ್ಣು ಬಿಡಬೇಕಾಗಿರಲಿಲ್ಲ, ಮೂಗೊಂದಿದ್ದರೆ ಸಾಕಿತ್ತು. ಹುತ್ರಿದುರ್ಗಕ್ಕೂ ಕುಣಿಗಲ್ಲಿಗೂ ಜನರನ್ನು ಹೊತ್ತು ತಿರುಗುತ್ತಿದ್ದ ಆ ಗಾಡಿ ಬಿಡುವ ಹೊಗೆಗೆ ದಾರಿಯುದ್ದಕ್ಕೂ ಹೆಂಗಸರು ಒಣಹಾಕಿದ ಬಟ್ಟೆ ಬಾಚಿಕೊಂಡು ಒಳಗೆ ಓಡುತ್ತಿದ್ದರು. ಕದರಯ್ಯ ಅದನ್ನೂ ತನಗೆ ಸಲ್ಲುವ ಮರ್ಯಾದೆ ಎಂದೇ ತಿಳಿದಿದ್ದ.

ಎಂಜಲು ಕೈಯಲ್ಲಿ ಕಾಗೆ ಓಡಿಸದ ಗಂಡಸು ಅವನು. ತೊಂಬತ್ತಮೂರರಲ್ಲಿ ಗಾಡಿಯ ಬ್ಯಾಟರಿ ಸತ್ತಿತು. ನಾಳೆ ಹಾಕಿಸಿದರಾಯಿತು ಎಂದುಕೊಂಡು, ಆ ದಿನದ ಮಟ್ಟಿಗೆ ಪ್ಯಾಸೆಂಜರ್‌ಗಳನ್ನು ಇಳಿಸಿ ತಳ್ಳಿಸಿದ. ಗಾಡಿ ಹೊರಟಿತು. ಮರುದಿನವೂ ತಳ್ಳಿದರು, ಮರುದಿನವೂ ಹೊರಟಿತು. ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವವನಿಗೆ ಇಷ್ಟು ಸಾಲದೇ? ಆ ನಾಳೆ ಹನ್ನೊಂದು ವರ್ಷ ಬರಲಿಲ್ಲ.

ಕೇಳಿದವರಿಗೆ, ಈ ಇಂಜಿನ್ನಿನ ಜಾತಿಯೇ ಹೀಗೆ, ಕೀಗೆ ಬಗ್ಗುವುದಿಲ್ಲ, ದೊಡ್ಡ ದೊಡ್ಡ ಮೆಕ್ಯಾನಿಕ್‌ಗಳೇ ಕೈ ಚೆಲ್ಲಿದ್ದಾರೆ ಎನ್ನುತ್ತಿದ್ದ. ಹಾರ್ನ್ ಸತ್ತಿದ್ದರಿಂದ ಬಾಗಿಲನ್ನು ಹೊರಗಿನಿಂದ ದಬದಬ ಬಡಿಯುತ್ತಿದ್ದ. ಲೈಟ್ ಹತ್ತದ್ದರಿಂದ ಹೊತ್ತು ಮುಳುಗುವ ಮುಂಚೆ ಮನೆ ಸೇರುತ್ತಿದ್ದ, ಅದಕ್ಕೆ ಗಾಡಿಗೆ ಕತ್ತಲೆ ಆಗಿಬರುವುದಿಲ್ಲ ಎಂಬ ಕಥೆ. ಹುತ್ರಿದುರ್ಗದಲ್ಲಿ ಇಳಿಜಾರಿಗೆ ನಿಲ್ಲಿಸುತ್ತಿದ್ದುದರಿಂದ ಅಲ್ಲಿ ಬೆಟ್ಟವೇ ತಳ್ಳುತ್ತಿತ್ತು. ಕುಣಿಗಲ್ಲಿನ ಸಮತಟ್ಟು ನೆಲದಲ್ಲಿ ಜನರೇ ಆಗಬೇಕು. ನಿಜ ಗೊತ್ತಿದ್ದವಳು ಹೆಂಡತಿ ನರಸಿಂಹಮ್ಮ ಒಬ್ಬಳೇ.

ಜನ ಅದಕ್ಕೊಂದು ಕಾನೂನನ್ನೇ ಮಾಡಿಕೊಂಡರು. ತಳ್ಳಿದವರಿಗೆ ಸೀಟು, ತಳ್ಳದವರು ನಿಂತುಕೊಂಡು ಬರಬೇಕು. ಬಸುರಿ ಬಾಣಂತಿಯರಿಗೆ, ಮುದುಕರಿಗೆ ಮಾಫಿ. ಮೇಷ್ಟ್ರು ಅಂಜಿನಪ್ಪನವರು ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡು ತಳ್ಳುತ್ತಿದ್ದರು. ಒಬ್ಬ ಮದುಮಗ ಬಾಸಿಂಗ ಕಟ್ಟಿಕೊಂಡೇ ತಳ್ಳಿ, ಹೆಂಡತಿಯ ಪಕ್ಕ ಸೀಟು ಗಿಟ್ಟಿಸಿದ್ದ. ಈ ಪಡೆಗೆಲ್ಲ ದಂಡನಾಯಕಿ ಹೂವು ಮಾರುವ ಸಿದ್ದಲಕ್ಷ್ಮಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಖಾಲಿ ಬುಟ್ಟಿಯನ್ನು ಕಿಟಕಿಯಿಂದ ಒಳಗೆಸೆದು, ಅವಳು ಕೂಗು ಹಾಕಿದರೆ ಗಾಡಿಯೂ ಹೆದರಿ ಹೊರಡುತ್ತಿತ್ತು.

ಎರಡು ಸಾವಿರದ ನಾಲ್ಕರ ಹೊತ್ತಿಗೆ ಹೊಗೆ ಎಷ್ಟಾಯಿತೆಂದರೆ, ಹೊಗೆ ತಪಾಸಣೆ ಮಾಡುವವನು ಪೈಪಿನ ಹತ್ತಿರ ಹೋಗದೆ ದೂರದಿಂದಲೇ ಕೈ ಮುಗಿದ. ಸರ್ಟಿಫಿಕೇಟ್ ಇಲ್ಲದಿದ್ದರೆ ಗಾಡಿ ರಸ್ತೆಗಿಳಿಯುವ ಹಾಗಿಲ್ಲ. ಗಾಡಿ ಇಲ್ಲದಿದ್ದರೆ ಕದರಯ್ಯನಿಗೆ ಬೇರೆ ಕಸುಬು ಗೊತ್ತಿಲ್ಲ. ಅಷ್ಟರಲ್ಲಿ ತುಮಕೂರಿನಲ್ಲೊಂದು ಯೋಜನೆ ಬಂತು. ಹಳೆಯ ಹೊಗೆ ಗಾಡಿಗಳನ್ನು ಮಾಲೀಕರು ಸ್ವಂತ ಮನಸ್ಸಿನಿಂದ ತಂದೊಪ್ಪಿಸಿದರೆ ಹೊಸದಕ್ಕೆ ಸಹಾಯಧನ ಕೊಡುತ್ತಾರಂತೆ. ಸ್ವಂತ ಮನಸ್ಸು ಎಂಬುದು ಕುತ್ತಿಗೆಗೆ ಬಂದಾಗಲೇ ಹುಟ್ಟುವುದು, ಕದರಯ್ಯನಿಗೂ ಹುಟ್ಟಿತು.

ಆದರೆ ಅದಕ್ಕೊಂದು ಷರತ್ತಿತ್ತು. ಜನ ಕೆಟ್ಟು ಕೂತ ಗಾಡಿಗಳನ್ನೆಲ್ಲ ಎಳೆದು ತಂದು ದುಡ್ಡು ಕೇಳಬಾರದೆಂದು, ಅಧಿಕಾರಿಯ ಎದುರಿಗೆ ಗಾಡಿ ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗಬೇಕು, ಮುಂದೆ ಹಿಂದೆ ಓಡಾಡಬೇಕು. ತಳ್ಳಿದರೆ ಲೆಕ್ಕಕ್ಕಿಲ್ಲ.

ಕದರಯ್ಯ ಗುಬ್ಬಿಯಲ್ಲಿದ್ದ ಹೆಂಡತಿಯ ತಮ್ಮ ರಾಮಾಂಜಿನಯ್ಯನ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿಸಿ, ಗೋಣಿಚೀಲದಲ್ಲಿ ಸುತ್ತಿ ತಂದು, ಡ್ರೈವರ್ ಸೀಟಿನಡಿ ಕೂರಿಸಿದ. ಯಾರಿಗೂ ಹೇಳದೆ ಬೆಳಗ್ಗೆ ಹೊರಟು ಕೆಲಸ ಮುಗಿಸಿ ಬರುವುದು ಅವನ ಲೆಕ್ಕ. ಆದರೆ ಸುದ್ದಿ ಅವನಿಗಿಂತ ಮುಂಚೆ ಎದ್ದಿತ್ತು. ಹುಣಸೆಮರದಡಿ ಸಿದ್ದಲಕ್ಷ್ಮಮ್ಮ, ಮೇಷ್ಟ್ರು, ಇನ್ನೂ ಹತ್ತು ಜನ ಕಾದಿದ್ದರು.

"ಅದು ಕೀಗೆ ಬಗ್ಗಾಕಿಲ್ಲ ಅಂತ ನಮ್ಗೊತ್ತಿಲ್ವಾ ಕದರಣ್ಣ? ಸಾಹೇಬ್ರು ಅತ್ಲಾಗೆ ತಿರುಗ್ಲಿ, ನಾವ್ ಒಂದ್ ಸಲ ನೂಕ್ತೀವಿ" ಎಂದಳು ಸಿದ್ದಲಕ್ಷ್ಮಮ್ಮ.

ಒಂದು ದಿನದ ವ್ಯಾಪಾರ ಬಿಟ್ಟು ಬಂದಿದ್ದಳು. ಮೇಷ್ಟ್ರು ರಜಾ ಹಾಕಿದ್ದರು. ಕದರಯ್ಯ ಬೇಡವೆಂದು ನಾನಾ ರೀತಿ ಹೇಳಿದ, ಯಾರೂ ಕೇಳಲಿಲ್ಲ. ಕೊನೆಗೆ ಎಲ್ಲರನ್ನೂ ತುಂಬಿಕೊಂಡು ಹೊರಟ. ಸೀಟಿನಡಿ ಬ್ಯಾಟರಿ ಇದ್ದರೂ ಅಭ್ಯಾಸದಂತೆ ಗಾಡಿಯನ್ನು ಇಲ್ಲೂ ತಳ್ಳಿಸಿಯೇ ಹೊರಟ, ಪುಣ್ಯಾತ್ಮ. ತುಮಕೂರಿನವರೆಗೂ ಚಾರ್ಜು ಕೇಳಲಿಲ್ಲ. ಅಷ್ಟಕ್ಕೇ ಅವರಿಗೆ ಅನುಮಾನ ಬರಬೇಕಾಗಿತ್ತು.

ಮೈದಾನದಲ್ಲಿ ಅಧಿಕಾರಿ ಎಲ್ಲರನ್ನೂ ದೂರ ಸರಿಯಲು ಹೇಳಿದರು. ಅವರು ಆ ಕಡೆ ತಿರುಗಿದ್ದೇ ತಡ, ಹನ್ನೆರಡು ಜೋಡಿ ಕೈ ಗಾಡಿಯ ಬೆನ್ನಿಗೆ ಬಂದು ಅಂಟಿಕೊಂಡವು. ಕದರಯ್ಯ ಕೀ ಹಿಡಿದು ಕೂತ. ತಿರುಗಿಸಿದರೆ ಈ ಜನರ ಎದುರು ಮಾನ ಹೋಗುತ್ತದೆ, ತಿರುಗಿಸದಿದ್ದರೆ ಹೊಟ್ಟೆಪಾಡು ಹೋಗುತ್ತದೆ. ಕನ್ನಡಿಯಲ್ಲಿ ಸಿದ್ದಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದುದು ಕಂಡಿತು. ಅವನಿಗೆ ಅಳುವೇ ಬಂತು. ಕಣ್ಣು ಮುಚ್ಚಿ ತಿರುಗಿಸಿದ.

ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಗಿ ಮುಂದೆ ಹೋಯಿತು. ಮೇಷ್ಟ್ರು ಆಯ ತಪ್ಪಿ ಮಂಡಿಯೂರಿದರು. ಉಳಿದವರು ಕೈ ಚಾಚಿಕೊಂಡೇ ನಿಂತರು. ಹೊಗೆ ತಿಳಿಯಾಗುವ ಹೊತ್ತಿಗೆ ಗಾಡಿ ಹಿಂದಕ್ಕೂ ಬಂದು ನಿಂತಿತ್ತು.

ಸಿದ್ದಲಕ್ಷ್ಮಮ್ಮ ಮೊದಲು ದೇವರ ಮಹಿಮೆ ಎಂದು ಕೈ ಮುಗಿದಳು. ಆಮೇಲೆ ಅಧಿಕಾರಿ ಸೀಟಿನಡಿ ಬಗ್ಗಿ ನೋಡಿ, ಬ್ಯಾಟರಿ ಚೆನ್ನಾಗಿದೆ, ಗಾಡಿ ಮತ್ತೆ ರಸ್ತೆಗಿಳಿಯದಂತೆ ಇಂಜಿನ್ ಒಡೆಯುತ್ತೇವೆ, ಅದಕ್ಕೆ ಮುಂಚೆ ಬಿಚ್ಚಿಕೊಳ್ಳಿ ಎಂದರು. ಕದರಯ್ಯ ಎಲ್ಲರ ಎದುರಿಗೆ ಅದನ್ನು ಬಿಚ್ಚಿ, ಎದೆಗವಚಿಕೊಂಡು ಇಳಿದ.

"ಇಷ್ಟೇನಾ?" ಎಂದಳು ಸಿದ್ದಲಕ್ಷ್ಮಮ್ಮ.

"ಇಷ್ಟೇ ಕಣಕ್ಕ."

"ಹನ್ನೊಂದ್ ವರ್ಸ ನನ್ ಬೆನ್ನು ನಿಂಗೆ ಬ್ಯಾಟ್ರಿ ಆಗಿತ್ತೇನ್ಲಾ?"

ಅತ್ತ ಇಬ್ಬರು ಸುತ್ತಿಗೆ ಹಿಡಿದು ಇಂಜಿನ್ ಒಡೆಯುತ್ತಿದ್ದರು. ಕದರಯ್ಯ ಅದನ್ನು ನೋಡಿ ಕಣ್ಣೊರೆಸಿಕೊಂಡರೂ ಯಾರೂ ಸಮಾಧಾನ ಹೇಳಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ, ಬ್ಯಾಟರಿಯೇ ಕೂತಿತ್ತು.

ಹೊಸ ವ್ಯಾನ್ ಬಂತು. ಹೊಗೆಯಿಲ್ಲ, ಸದ್ದಿಲ್ಲ. ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಮಾಡಿಸಿ ಹುಣಸೆಮರದಡಿ ತಂದು ನಿಲ್ಲಿಸಿದ. ಯಾರೂ ಹತ್ತುವುದಿಲ್ಲವೆಂದೇ ಅವನು ಅಂದುಕೊಂಡಿದ್ದ. ಆದರೆ ಒಬ್ಬೊಬ್ಬರಾಗಿ ಎಲ್ಲರೂ ಬಂದು ಹತ್ತಿ ಕೂತರು. ಕದರಯ್ಯ ಖುಷಿಯಲ್ಲಿ ಕೀಗೆ ಕೈ ಹಾಕಿದ.

"ಅದ್ನ ಮುಟ್ಬ್ಯಾಡ. ಇಳ್ದು ತಳ್ಳು" ಎಂದಳು ಸಿದ್ದಲಕ್ಷ್ಮಮ್ಮ.

ಅವನು ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಕಿಟಕಿಯಾಚೆ ನೋಡುತ್ತಿದ್ದರು. ಇಳಿದು ಹಿಂದೆ ಹೋಗಿ ಭುಜ ಕೊಟ್ಟ. ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ನೋಡುತ್ತಿತ್ತು. ತುಂಬಿದ ಗಾಡಿ ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದ, ಚಪ್ಪಲಿ ಕಿತ್ತುಬಂತು. ಇಷ್ಟೊಂದು ಭಾರವನ್ನು ಈ ಹೆಂಗಸು ದಿನಾ ಹೂವು ಮಾರಿ ಬಂದು ತಳ್ಳುತ್ತಿದ್ದಳಲ್ಲ ಎಂದು ಅವನಿಗೆ ಮೊದಲ ಸಲ ಗೊತ್ತಾಯಿತು, ನಾಚಿಕೆಯಾಯಿತು. ಹಲ್ಲು ಕಚ್ಚಿ ಒತ್ತಿದಾಗ ವ್ಯಾನ್ ಒಂದು ಮೊಳ ಸರಿಯಿತು.

ಅವನು ಏದುಸಿರು ಬಿಡುತ್ತಾ ಮುಂದಕ್ಕೆ ಬಂದು, ಬರಿಗಾಲಲ್ಲಿ ತಲೆ ತಗ್ಗಿಸಿ ನಿಂತ. ಸಿದ್ದಲಕ್ಷ್ಮಮ್ಮ ಒಳಗಿನಿಂದ ಕೈ ಚಾಚಿ ಡ್ರೈವರ್ ಬಾಗಿಲು ತೆಗೆದಳು.

"ತಳ್ದೋರ್ಗೆ ಸೀಟು. ಕೂತ್ಕೊ" ಎಂದಳು.