ತೊಟ್ಟಿ ಖಾಲಿ, ಮೋಟಾರು ಮಾತ್ರ ಓಡುತ್ತಿತ್ತು

ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತುವಾಗಲೇ ನನಗೆ ಸಿಟ್ಟು ಬಂದಿತ್ತು. ಹಿಂದಿನ ಸಂಜೆ ಶಿವಮಲ್ಲಪ್ಪನವರು ಫೋನ್ ಮಾಡಿ, "ಇಂಜಿನಿಯರ್ನ ಕಳ್ಸಿ ಒಂದೊಳ್ಳೆ ಮೋಟ್ರು ಹೇಳ್ಸಿ ಮೇಡಂ, ಇದೂ ಸುಟ್ಟೋಯ್ತು" ಎಂದಿದ್ದರು. ಒಂದೇ ಮಳೆಗಾಲದಲ್ಲಿ ಅದು ಮೂರನೆಯದು. ಗುಂಡ್ಲುಪೇಟೆ ಹತ್ತಿರ ಅವರದು ಚೆಂಡುಹೂವಿನಿಂದ ಬಣ್ಣ ತೆಗೆಯುವ ಕಾರ್ಖಾನೆ. ಹೂವು ಕೊಳೆಹಾಕಿದ ಗುಂಡಿಗಳಿಂದ ಸೋರುವ ಹುಳಿ ನೀರು ಒಂದು ತೊಟ್ಟಿಗೆ ಬಂದು ಬೀಳುತ್ತದೆ. ಅಲ್ಲಿಂದ ಅದನ್ನು ಶುದ್ಧೀಕರಣದ ಟ್ಯಾಂಕಿಗೆ ಎತ್ತಬೇಕು. ಪಂಪು ಕೆಟ್ಟರೆ ತೊಟ್ಟಿ ಉಕ್ಕುತ್ತದೆ. ಇಂಥ ಕೊಳಚೆ ನೀರಿಗೆ ತಕ್ಕ ಪಂಪು ಆರಿಸಿಕೊಡುವುದೇ ನನ್ನ ವೃತ್ತಿ.

ಹೆಂಗಸರಿಗೆ ಬಸ್ಸು ಉಚಿತ. ಕಂಡಕ್ಟರ್ ಕೊಟ್ಟ ಶೂನ್ಯ ಟಿಕೆಟ್ ಮಡಚಿ ಪರ್ಸಿನಲ್ಲಿಟ್ಟು ಕಿಟಕಿ ಪಕ್ಕ ಕುಳಿತೆ. ಹೊರಗೆ ಜಿನುಗು ಮಳೆ; ಅರಿಸಿನದ ಹೊಲ, ಬಾಳೆ, ನಡುನಡುವೆ ಚೆಂಡುಹೂವು. ಉಡಿಗಾಲದಲ್ಲಿ ಹತ್ತಿದ ಹೆಂಗಸೊಬ್ಬರು ಪಕ್ಕದಲ್ಲಿ ಕುಳಿತು ಚಡಪಡಿಸುತ್ತಿದ್ದರು. "ಯಾಕಮ್ಮ?" ಎಂದೆ. "ಮೋಟ್ರು ಆಟೋಗೆ ಆಕ್ಬುಟ್ಟು ಬಂದಿವ್ನಿ ಕಣವ್ವ. ಕರೆಂಟು ಬಂತೋ ಇಲ್ವೋ" ಎಂದರು. ಹೊಲದ ಮೋಟಾರಿಗೆ ಮೂರು ಫೇಸ್ ಕರೆಂಟು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಅದಕ್ಕೇ ಎಲ್ಲರ ಪಂಪ್‌ಹೌಸಿನಲ್ಲೂ ಆಟೋ ಪೆಟ್ಟಿಗೆ. ಕರೆಂಟು ಬಂದ ಕೂಡಲೇ ಮೋಟಾರು ತಾನಾಗಿಯೇ ಓಡುತ್ತದೆ. ತೆರಕಣಾಂಬಿಯಲ್ಲಿ ಅವರು ಇಳಿದುಹೋದರು.

ಗುಂಡ್ಲುಪೇಟೆ ನಿಲ್ದಾಣದಲ್ಲಿ ಕೇರಳದ ಕಡೆ ಹೊರಟವರ ಗದ್ದಲ. ಶಿವಮಲ್ಲಪ್ಪನವರು ಜೀಪಿನಿಂದ ಇಳಿದು ನನ್ನ ಬೆನ್ನ ಹಿಂದೆ ಇಣುಕಿದರು. "ಇಂಜಿನಿಯರ್ ಸಾರ್ ಬರ್ನಿಲ್ವಾ?"

"ನಾನೇ ಇಂಜಿನಿಯರು."

"ನೀವು ಬರೀ ಫೋನಲ್ಲಿ ಮಾತಾಡೋರು ಅಂದ್ಕಂಡಿದ್ದಿ" ಎಂದು ನಕ್ಕರು. ಒಳ್ಳೆಯ ಹೋಟೆಲಿನಲ್ಲಿ ಇಡ್ಲಿ ತಿನ್ನಿಸಿದರು, ಅದನ್ನೂ ಹೇಳಬೇಕು. ಚಟ್ನಿ ಖಾರವಾಗಿತ್ತು, ರುಚಿಯಾಗಿತ್ತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಕಾರ್ಖಾನೆಯ ಗೇಟು ದಾಟುತ್ತಲೇ ಹುಳಿ ವಾಸನೆ ಗಂಟಲಿಗೆ ಹತ್ತಿತು. ತೊಟ್ಟಿಯ ಬಳಿ ಬಾಡಿಗೆಗೆ ತಂದ ಮೋಟಾರೊಂದು ಕಿರುಗುಡುತ್ತಿತ್ತು. ಬಗ್ಗಿ ನೋಡಿದೆ. ತಳದಲ್ಲಿ ಹೂವಿನ ಚರಟ ಬಿಟ್ಟರೆ ಏನೂ ಇಲ್ಲ. ನೀರಿಲ್ಲದ ತೊಟ್ಟಿಯಲ್ಲಿ ಹತ್ತು ಎಚ್‌ಪಿ ಮೋಟಾರು ಗಾಳಿ ಎಳೆಯುತ್ತಿತ್ತು! ಗೋಡೆಯ ಮೇಲೆ ನೋಡಿದರೆ ಅದೇ ಹೊಲದ ಆಟೋ ಪೆಟ್ಟಿಗೆ. ನೀರು ಇಳಿದಾಗ ಮೋಟಾರು ನಿಲ್ಲಿಸಬೇಕಾದ ತೇಲುವ ಸ್ವಿಚ್ಚನ್ನು ಕಿತ್ತು ಮೊಳೆಗೆ ನೇತುಹಾಕಿದ್ದರು.

"ಯಾರು ಕಿತ್ತಿದ್ದು ಇದನ್ನ?"

"ನಾನೇ ಕಿತ್ತಾಕಿಸ್ದಿ. ಸುಮ್‌ಸುಮ್ನೆ ಆಫ್ ಆಯ್ತಿತ್ತು. ಕರೆಂಟ್ ಇದ್ದಾಗ ಓಡ್ಲಿ ಬುಡಿ ಮೇಡಂ" ಎಂದರು.

ಮೊದಲು ಮೋಟಾರು ಆಫ್ ಮಾಡಿಸಿದೆ. ಆಮೇಲೆ ದನಿ ಏರಿತು, ಸುಳ್ಳು ಹೇಳುವುದಿಲ್ಲ. ಅವರು ಹಾಕಿದ್ದು ಕೊಳವೆಬಾವಿಯ ಪಂಪು; ಅದು ತಿಳಿನೀರಿಗೆ, ಆಳದಿಂದ ಎತ್ತಲು. ಇಲ್ಲಿ ಎತ್ತಬೇಕಾದದ್ದು ಚರಟ ತುಂಬಿದ ಹುಳಿ ನೀರು, ಅದೂ ಎರಡಾಳೆತ್ತರಕ್ಕೆ. ದೊಡ್ಡ ಮೋಟಾರು ತೊಟ್ಟಿಯನ್ನು ಗಳಿಗೆಯಲ್ಲಿ ಬರಿದು ಮಾಡಿ, ಉಳಿದ ಹೊತ್ತೆಲ್ಲ ಕರೆಂಟು ತಿನ್ನುತ್ತಾ ನೀರಿಲ್ಲದೆ ಓಡುತ್ತದೆ. ಮೋಟಾರಿನೊಳಗೆ ನೀರು ನುಗ್ಗದಂತೆ ತಡೆಯುವ ಸೀಲು ಸುಡುತ್ತದೆ, ಹುಳಿಗೆ ಕಬ್ಬಿಣ ಸವೆಯುತ್ತದೆ. ನಿಜವಾಗಿ ನೀರು ಬಂದಾಗ ಪಂಪು ಸತ್ತಿರುತ್ತದೆ. "ಮೂರು ಎಚ್‌ಪಿ ಸಾಕು. ಸ್ಟೀಲಿನದು, ಚರಟ ನುಂಗುವ ಅಗಲ ಬಾಯಿಯದು. ಒಂದು ಕೆಟ್ಟರೆ ಇರಲಿ ಅಂತ ಜೊತೆಗೆ ಇನ್ನೊಂದು. ಆ ಸ್ವಿಚ್ಚು ಇವತ್ತೇ ವಾಪಸ್ ಕೂರಬೇಕು" ಎಂದೆ.

"ಮೂರಾ? ನಮ್ ತೋಟದಲ್ಲೇ ಹತ್ತರದ್ದು ಅದೆ. ನೋಡ್ದೋರು ನಗಾಕಿಲ್ವಾ?"

ಇನ್ನು ಮಾತಾಡಿದರೆ ಕೆಟ್ಟ ಮಾತೇ ಬರುತ್ತಿತ್ತು. ಗೇಟಿನಾಚೆ ನಡೆದೆ. ಕಾಂಪೌಂಡಿಗೆ ಅಂಟಿದಂತೆ ಮಹದೇವಮ್ಮ ಎಂಬುವರ ಮನೆ, ಅಂಗಳದಲ್ಲಿ ಬಾವಿ. ಕುಡಿಯಲು ನೀರು ಕೇಳಿದೆ. ಅವರು ಬಾವಿ ಕಡೆ ನೋಡದೆ ಒಳಗೆ ಹೋಗಿ, ಪೇಟೆಯಿಂದ ತಂದ ಕ್ಯಾನಿನಿಂದ ಬಗ್ಗಿಸಿಕೊಟ್ಟರು. "ಬಾವಿ ನೀರ್ ಕೊಡ್ನಿಲ್ಲ ಅಂತ ತಪ್ಪು ತಿಳ್ಕಬ್ಯಾಡ ಕಣವ್ವ. ಅತ್ಲಾಗಿ ತೊಟ್ಟಿ ಉಕ್ದಾಗೆಲ್ಲ ಇತ್ಲಾಗಿ ನಾರ್ತದೆ. ದನಾನೂ ಮೂತಿ ಇಕ್ಕಾಕಿಲ್ಲ" ಎಂದರು. ಬಾವಿಗೆ ಬಗ್ಗಿದೆ. ನೀರು ಹಳದಿಗಟ್ಟಿತ್ತು.

ನನ್ನನ್ನು ಹುಡುಕಿಕೊಂಡು ಬಂದ ಶಿವಮಲ್ಲಪ್ಪನವರು ಜಗುಲಿ ಮೇಲೆ ಕುಳಿತು, ಬಾಯಿ ಅಭ್ಯಾಸಕ್ಕೆ, "ಅಕ್ಕ, ಒಂದ್ ಲೋಟ ನೀರ್ ಕೊಡು" ಎಂದುಬಿಟ್ಟರು.

"ಬಾವಿಯಿಂದಲೇ ಸೇದಿ ಕೊಡಿ, ಕುಡಿಯಲಿ" ಎಂದೆ.

ಮಹದೇವಮ್ಮ ನನ್ನನ್ನೇ ಗದರಿದರು. "ಬುಡ್ತು ಅನ್ನು! ಬಾಗ್ಲಿಗ್ ಬಂದೋರ್ಗೆ ಆ ನೀರ್ ಕೊಟ್ಟಾರಾ?" ಅವರಿಗೂ ಕ್ಯಾನಿನ ನೀರನ್ನೇ ತಂದರು. ಮನುಷ್ಯ ಅದನ್ನು ಗಟಗಟ ಕುಡಿದು, ನೆಲ ನೋಡುತ್ತಾ, "ನೀವ್ ಹೇಳ್ದಂಗೆ ಮೂರರದ್ದೇ ತರಿಸ್ತಿನಿ ಮೇಡಂ" ಎಂದರು. ನನ್ನೆದುರೇ ಕೆಲಸದವರನ್ನು ಕರೆದು ಸ್ವಿಚ್ಚು ಕೂರಿಸಿದರು.

ಹೊರಡುವಾಗ ಮಹದೇವಮ್ಮ ನನ್ನ ಬಾಟಲಿ ತುಂಬಿಸಿ ಕೊಡುತ್ತಾ ಕೇಳಿದರು, "ಸಣ್ ಮೋಟ್ರು ಬಂದ್ರೆ ನಮ್ ಬಾವಿ ಮೊದ್ಲಂಗೆ ಆಯ್ತದಾ ಕಣವ್ವ?"

ಇನ್ನು ಮುಂದೆ ಉಕ್ಕುವುದು ನಿಂತೀತು. ಈಗಾಗಲೇ ಬಾವಿ ಸೇರಿದ್ದನ್ನು ತೆಗೆಯುವ ಪಂಪು ನನ್ನ ಬಳಿ ಇಲ್ಲ. "ಗೊತ್ತಿಲ್ಲಮ್ಮ" ಎಂದೆ. ಅವರು ತಲೆಯಾಡಿಸಿ ಬಾಟಲಿಯ ಮುಚ್ಚಳ ಬಿಗಿ ಮಾಡಿ ಕೊಟ್ಟರು.

ಸಂಜೆಯ ಬಸ್ಸು ತೆರಕಣಾಂಬಿ ದಾಟುವಾಗ ಕರೆಂಟು ಬಂದಿರಬೇಕು, ಹೊಲಗಳಲ್ಲಿ ಪೈಪಿನಿಂದ ನೀರು ಚಿಮ್ಮುತ್ತಿತ್ತು. ಅಷ್ಟರಲ್ಲಿ ಫೋನ್ ಬಂತು. ಶಿವಮಲ್ಲಪ್ಪನವರು. "ಮೇಡಂ, ಮೂರು ಯಾಕೋ ಸಣ್ಣದಾಯ್ತು ಅನ್ನಿಸ್ತದೆ. ಐದು ಆಕಿಸ್ಬುಡನಾ?"

ಇಡೀ ಬಸ್ಸು ತಿರುಗಿ ನೋಡುವಂತೆ ಹೇಳಿದೆ, "ಮಹದೇವಮ್ಮನ ಬಾವಿ ನೀರು ಒಂದು ಲೋಟ ಕುಡಿಯಿರಿ. ಕುಡಿದು ಫೋನ್ ಮಾಡಿ, ಮಾತಾಡೋಣ."

ಚಾಮರಾಜನಗರ ತಲುಪುವವರೆಗೂ ಫೋನ್ ಬರಲಿಲ್ಲ.