ಖಾಲಿ ಬಟ್ಟೆಯ ತೂಕ

ಹೊಂಗಡಹಳ್ಳದ ಕಡೆ ನಾನು ಉಪಕೇಂದ್ರದ ನರ್ಸ್ ಆಗಿದ್ದಾಗ, ಬಾಣಂತಿಯರ ಮನೆಗೆ ಹೋಗಿ ಮಗುವನ್ನು ತೂಗುವುದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸವಾಗಿತ್ತು. ಒಂದು ಸಂಜೆ ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯೊಂದರಲ್ಲಿ ನನ್ನ ತಕ್ಕಡಿ ಕೈಕೊಟ್ಟಿತು. ಎರಡೇ ಕೆಜಿಗೆ ಹುಟ್ಟಿದ್ದ ಮಗು ಅದು. ಎರಡು ತಿಂಗಳಲ್ಲಿ ಎಷ್ಟಾಗಿದೆ ಎಂದು ತಿಳಿಯದೆ ವಾಪಸು ಹೋಗುವವಳಲ್ಲ ನಾನು.

ಅಂಗಳದಲ್ಲಿ, ಕೆಜಿಗಿಷ್ಟೆಂದು ಕೂಲಿಯ ಲೆಕ್ಕ ಬರೆಯುವ ಎಸ್ಟೇಟಿನ ರೈಟರ್, ಅಂದು ಕೊಯ್ದ ಕಾಫಿ ಹಣ್ಣನ್ನು ತೂಗುತ್ತಿದ್ದರು. ಹೆಂಗಸರು ಚೀಲ ಹಿಡಿದು ಸಾಲಾಗಿ ನಿಂತಿದ್ದರು. ಅದೇ ಡಿಜಿಟಲ್ ತಕ್ಕಡಿಯ ಕೊಕ್ಕೆಗೆ ಮಗುವನ್ನು ಬಟ್ಟೆಯ ಜೋಲಿಯಲ್ಲಿ ತೂಗುಹಾಕಿ, ಕೆಳಗೆ ಕೈಯೊಡ್ಡಿ ನಿಂತೆ.

“ಮೂರು ಕೆಜಿ ಇನ್ನೂರು,” ಎಂದರು ರೈಟರ್.

ತಾಯಿ ಬಗ್ಗಿ ನೋಡಿದಳು. “ನಾಕು ಕೆಜಿ ಇನ್ನೂರು ಅಂತ ಐತಲ್ಲ ರೈಟ್ರೇ?”

“ಚೀಲದ್ದು ಒಂದು ಕೆಜಿ ಕಳೆದೆ,” ಎಂದವರೇ ನಾಲಿಗೆ ಕಚ್ಚಿಕೊಂಡರು. ದಿನವೂ ಎಲ್ಲರ ಹಣ್ಣಿನಲ್ಲೂ ಕಳೆದು ಕಳೆದು ಅವರಿಗೆ ಅದೇ ರೂಢಿಯಾಗಿತ್ತು.

“ಹಣ್ಣಲ್ಲಿ ಕಳ್ಕಳಿ, ನನ್ ಮಗೀನಾಗೆ ಕಳೀಬ್ಯಾಡಿ,” ಎಂದಳು ತಾಯಿ. ಸಾಲಿಗೆ ಸಾಲೇ ನಕ್ಕಿತು.

ನಗುತ್ತಲೇ ನಾನು ಮಗುವನ್ನು ಅವಳ ಕೈಗೆ ಕೊಟ್ಟು, ನಮ್ಮ ಕ್ರಮದಂತೆ ಬರೀ ಬಟ್ಟೆಯನ್ನು ತೂಗಿದೆ. ಇನ್ನೂರು ಗ್ರಾಂ. ಹಾಗಾದರೆ ಮಗು ನಾಲ್ಕು ಕೆಜಿ, ಹುಟ್ಟಿದಾಗಿನದರ ಎರಡರಷ್ಟು. ತಾಯಿ ಮಗುವಿನ ಕೆನ್ನೆಗೆ ಕೆನ್ನೆ ಒತ್ತಿ ಎಲ್ಲರಿಗೂ ಕೇಳುವಂತೆ ಆ ಲೆಕ್ಕ ಹೇಳಿದಳು.

ಸಾಲಿನ ಮುಂದಿದ್ದ ಮುದುಕಿ ತನ್ನ ಹಣ್ಣನ್ನೆಲ್ಲ ನೆಲಕ್ಕೆ ಸುರಿದು, ಖಾಲಿ ಚೀಲವನ್ನು ನನ್ನ ಕೈಗಿಟ್ಟಳು. “ಇದ್ನೂ ಹಂಗೇ ಒಂದ್ಸಲ ತೂಗ್ಬುಡಿ, ಸಿಸ್ಟರ್.”